ಅಂಬಿಗ ಮುಚ್ಚಿದ ಗಾಡಿ

ಹೊಳೆ ಹೋಗಿ ಸಮುದ್ರ ಸೇರುವ ಕಡೆ, ದಡದ ಮೇಲೆ, ಕಂಬಗಳ ಮೇಲೆ ತಗಡು ಹೊದೆಸಿದ ಒಂದು ಮಾಡು. ಅದರ ಕೆಳಗೆ ಸುಬ್ರಾಯಾಚಾರಿ ಮೋಟಾರು ಗಾಡಿಗಳ ತುಕ್ಕು ತೆಗೆಯುತ್ತಿದ್ದರು.

ಉಪ್ಪುಗಾಳಿಯ ಜಾಗ. ಅಲ್ಲಿ ಕಬ್ಬಿಣಕ್ಕೆ ಆಯುಸ್ಸು ಕಡಿಮೆ.

ಒಂದು ಸಂಜೆ ಜಟ್ಟಿ ಎಂಬ ಅಂಬಿಗ ಬಂದು ಮಾಡಿನ ಕಂಬ ಹಿಡಿದು ನಿಂತ. ಅವನ ಕಾಲಿಗೆ ಕೆಸರಿರಲಿಲ್ಲ. ಹೊಳೆದಂಡೆಯ ದಾರಿ ಹತ್ತಿರವಿದ್ದರೂ ಅದನ್ನು ಬಿಟ್ಟು ಗುಡ್ಡ ಸುತ್ತಿ ಬಂದಿದ್ದ.

“ಮುಚ್ಚುವುದು ಕಲಿಸಿ” ಎಂದ.

ಆಚಾರಿ ತಗಡು ತಿಕ್ಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಎಂತದನ್ನ?”

“ಎಲ್ಲವನ್ನ.”

ಆಗ ಕೈ ನಿಂತಿತು. ಆಚಾರಿ ತಲೆಯೆತ್ತಿ ನೋಡಿದರು. ಮತ್ತೆ ತಿಕ್ಕತೊಡಗಿದರು.

“ಒಳಗೆ ಬಾ. ಮೊದಲು ತುಕ್ಕು ತೆಗೆ” ಎಂದರು.

ಜಟ್ಟಿಯ ಕಥೆ ಊರಿಗೆಲ್ಲ ಗೊತ್ತಿತ್ತು. ಅವನ ದೋಣಿ ನಡುಹೊಳೆಯಲ್ಲಿ ಬಾಯಿ ಬಿಟ್ಟಿತ್ತು. ಹಲಗೆಯ ಸಂದಿಗೆ ಹತ್ತಿ ತುರುಕಿ ಎಣ್ಣೆ ಬಳಿದವನು ಅವನೇ. ಹಿಂದೆ ಕೂತಿದ್ದವಳು ಅವನ ಹೆಂಡತಿ ತುಳಸು. ಅವನು ದಡಕ್ಕೆ ಬಂದ. ಅವಳು ಬರಲಿಲ್ಲ.

ಯಾರೂ ಅವನನ್ನು ದೂರಲಿಲ್ಲ. ದೂರಿದ್ದರೆ ಒಂದು ಮಾತು ತಿರುಗಿ ಆಡಬಹುದಿತ್ತು.

ಅತ್ತನೇ ಎಂದರೆ, ಅದೂ ಇಲ್ಲ. ಅವಳ ಹೆಣವನ್ನು ದಡಕ್ಕೆ ತಂದ ದಿನವೂ ಇಲ್ಲ.

ದೋಣಿಯನ್ನು ಮರಳಿನ ಮೇಲೆ ಕವುಚಿ ಹಾಕಿದ. ಹುಟ್ಟನ್ನು ಯಾರಿಗೋ ಕೊಟ್ಟ. ಗುಡ್ಡ ಸುತ್ತಿ ಇಲ್ಲಿಗೆ ಬಂದ. ಹೋಗಲಿಕ್ಕೆ ಬೇರೆ ಜಾಗ ಇರಲಿಲ್ಲ.

ಆಮೇಲೆ ಅವನು ಮಾಡಿನಲ್ಲೇ ಉಂಡ, ಅಲ್ಲೇ ಮಲಗಿದ. ತಂತಿ ಬ್ರಷ್ಷು ಹಿಡಿದು ತುಕ್ಕು ಕೆರೆದ. ಮಾಡಿಗೆ ಬಂದ ಗಾಡಿಗಳನ್ನು ಹಿಂದೆ ಮುಂದೆ ಸರಿಸುತ್ತ ಓಡಿಸುವುದನ್ನೂ ಕಲಿತ. ಕೆಂಪು ಪುಡಿ ಅವನ ಉಗುರಿನ ಸಂದಿಗೆ ಕೂತಿತು. ಕೈ ತೊಳೆಯಲು ಹೊಳೆ ಹತ್ತು ಮಾರು ದೂರ. ಅವನು ಮೇಲಿನ ಬಾವಿಗೆ ಹೋಗುತ್ತಿದ್ದ.

ಆಚಾರಿ ಅದನ್ನು ನೋಡುತ್ತಿದ್ದರು.

ಒಂದು ದಿನ ಜಟ್ಟಿ ತಾನಾಗಿಯೇ ಕೇಳಿದ.

“ಗುರುಗಳೇ, ಕೆರೆದದ್ದು ಸಾಕಾಯ್ತು. ಮುಚ್ಚುವುದು ಯಾವಾಗ?”

ಆಚಾರಿ ಎರಡು ತುಂಡು ತಗಡು ತೆಗೆದರು. ಎರಡಕ್ಕೂ ಬಣ್ಣ ಹಚ್ಚಿತ್ತು. ಒಂದರ ಮೇಲೊಂದಿಟ್ಟು ಸಡಿಲಾಗಿ ತಂತಿ ಬಿಗಿದರು. ಮಾಡಿನ ತುದಿಗೆ, ಗಾಳಿ ಬಡಿಯುವಲ್ಲಿ, ನೇತುಹಾಕಿದರು. ಇನ್ನೆರಡು ತುಂಡು ತೆಗೆದರು. ನಡುವೆ ಒಂದು ರಬ್ಬರ್ ಪಟ್ಟಿ ಇಟ್ಟರು. ಅದನ್ನೂ ಪಕ್ಕದಲ್ಲಿ ನೇತುಹಾಕಿದರು.

“ನೋಡ್ತಾ ಇರು” ಎಂದರು.

ಗಾಳಿ ಬೀಸಿದಾಗೆಲ್ಲ ಮೊದಲ ಜೋಡಿ ಕಿರ್ ಕಿರ್ ಎನ್ನುತ್ತಿತ್ತು. ಎರಡನೆಯದು ಸುಮ್ಮನಿರುತ್ತಿತ್ತು. ಜಟ್ಟಿಗೆ ನಿದ್ದೆ ಬರದ ಹೊತ್ತಿನಲ್ಲಿ ಆ ಸದ್ದು ಹಲ್ಲಿಗೆ ತಾಗಿದಂತಾಗುತ್ತಿತ್ತು. ಆದರೂ ಕಿತ್ತು ಎಸೆಯಲಿಲ್ಲ.

ಮಳೆಗಾಲ ಹತ್ತಿರ ಬರುವಾಗ ಆಚಾರಿ ಎರಡನ್ನೂ ಕೆಳಗಿಳಿಸಿದರು. ತಂತಿ ಬಿಚ್ಚಿದರು.

“ಯಾವುದಕ್ಕೆ ತುಕ್ಕು?”

“ಇದಕ್ಕೆ. ಸದ್ದು ಮಾಡ್ತಿದ್ದದ್ದಕ್ಕೆ.”

“ಎಲ್ಲಿ?”

“ಒಂದಕ್ಕೊಂದು ತಿಕ್ಕಿದಲ್ಲಿ. ಬಣ್ಣ ಹೋಗಿದೆ.”

“ಹಾಗಾದ್ರೆ ಎರಡನ್ನೂ ದೂರ ಇಟ್ರೆ ಆಯ್ತಲ್ಲ?”

ಜಟ್ಟಿ ಯೋಚಿಸಿದ. “ದೂರ ಇಟ್ರೆ ಅದು ಗಾಡಿ ಆಗೋದಿಲ್ಲ. ಬರೀ ತಗಡು ಆಗ್ತದೆ.”

ಆಚಾರಿ ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಮೀಸೆ ಒಂದಿಷ್ಟು ಅಲುಗಿತು.

“ಮತ್ತೆ?”

“ನಡುವೆ ಏನಾದ್ರೂ ಮೆತ್ತಗಿನದು ಇಡಬೇಕು.”

“ಇಡು ಹಾಗಾದ್ರೆ” ಎಂದು ಸೀಲರ್ ಗನ್ನನ್ನು ಅವನ ಕೈಗೆ ಕೊಟ್ಟರು.

ಸೀಲರ್ ಅಂದರೆ ತಗಡು ತಗಡು ಸೇರುವಲ್ಲಿ ಎಳೆಯುವ ಅಂಟು. ಹಚ್ಚುವಾಗ ಬೆಣ್ಣೆ, ಒಣಗಿದ ಮೇಲೆ ರಬ್ಬರು. ಅದಿದ್ದರೆ ನೀರು ನುಗ್ಗುವುದಿಲ್ಲ. ತಗಡು ತಗಡನ್ನು ತಿನ್ನುವುದಿಲ್ಲ. ಜಟ್ಟಿ ಗನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಯಾವುದನ್ನ ಮುಚ್ಚಲಿ, ಯಾವುದನ್ನ ಬಿಡಲಿ?”

“ನೀರು ಎಲ್ಲಿಂದ ಬರ್ತದೆ ಅಂತ ಕೇಳು. ಮತ್ತೆ ಎಲ್ಲಿಗೆ ಹೋಗ್ತದೆ ಅಂತ ಕೇಳು.”

ಜಟ್ಟಿಗೆ ಮೊದಲ ಮಾತು ಕೇಳಿಸಿತು. ಎರಡನೆಯದು ಕಿವಿಯ ಹತ್ತಿರ ಬಂದು ಹಾಗೇ ಹೋಯಿತು.

ಅದೇ ವಾರ ನೀಲಾವತಿಯ ವ್ಯಾನು ಬಂತು. ನಾಲ್ಕು ಬಾಗಿಲಿನ ಹಳೆಯ ಗಾಡಿ. ಹಿಂದಿನ ಸೀಟು ಕಿತ್ತು ಚಾಪೆ ಹಾಸಿತ್ತು.

ನೀಲಾವತಿ ಎದುರಿನ ಕುದ್ರುವಿನವಳು. ಕುದ್ರು ಅಂದರೆ ಹೊಳೆಯ ನಡುವಿನ ನೆಲ. ಅಲ್ಲಿಗೆ ಒಂದೇ ಕಲ್ಲುದಾರಿ. ನೀರಿಳಿದಾಗ ಅದು ಕಾಣುತ್ತದೆ. ಭರತದ ಹೊತ್ತಿಗೆ, ಸಮುದ್ರ ಹೊಳೆಯೊಳಗೆ ಏರಿ ಬಂದಾಗ, ಮೊಣಕಾಲಿನಷ್ಟು ನೀರು ನಿಲ್ಲುತ್ತದೆ. ಕುದ್ರುವಿನ ಕಾಯಿಲೆಯವರನ್ನೂ ಬಸುರಿಯರನ್ನೂ ಆ ನೀರಿನಲ್ಲೇ ದಾಟಿಸುವವಳು ಅವಳು.

“ಆಚಾರ್ರೇ, ಇದು ಉಳೀತದಾ? ಇಲ್ಲಾ ಗುಜರಿಯವನಿಗೆ ಹೇಳ್ಲಾ?”

ಆಚಾರಿ ಬಗ್ಗಿ ಚಾಪೆ ಎತ್ತಿದರು. ನೆಲದ ತಗಡು ಬಿಸ್ಕತ್ತಿನ ಹಾಗೆ ಮುರಿದು ಬಂತು.

“ಮೊನ್ನೆ ಹಿಂದೆ ಬಾಣಂತಿ ಕೂತಿದ್ಳು” ಎಂದಳು ನೀಲಾವತಿ. “ಚಾಪೆಯೆಲ್ಲ ನೀರು ಕುಡಿದು ಚಂಡಿ. ಅವಳ ಅತ್ತೆ ನನ್ನ ಏಳು ತಲೆಮಾರು ಜಾಲಾಡಿದ್ಳು. ಗಾಡಿ ಅಂದ್ಕೊಂಡು ಹತ್ತಿದ್ರೆ ಮೀನಿನ ಬುಟ್ಟಿ ಅಂತೆ.”

“ಯಾವಾಗ ಬೇಕು?”

“ಹುಣ್ಣಿಮೆ ಭರತದೊಳಗೆ. ನನ್ನ ಸೊಸೆಗೇ ದಿನ ತುಂಬ್ತಾ ಬಂತು.”

ಆಚಾರಿ ಜಟ್ಟಿಯ ಕಡೆ ಕೈ ಮಾಡಿದರು. “ಇವನು ಮಾಡ್ತಾನೆ.”

ನೀಲಾವತಿ ಜಟ್ಟಿಯನ್ನು ನೋಡಿದಳು. ಅವಳಿಗೂ ಕಥೆ ಗೊತ್ತಿತ್ತು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಆ ಮುಚ್ಚಿದ ಬಾಯಿ ಜಟ್ಟಿಗೆ ಕಾಣಿಸಿತು.

“ನೀನು ನೋಡ್ತೀಯಲ್ಲ, ಆಚಾರ್ರೇ?” ಎಂದಷ್ಟೇ ಕೇಳಿದಳು.

“ನಾನು ನೋಡೋದಿಲ್ಲ. ಕೂರ್ತೇನೆ.”

ಅದು ಆ ಮಾಡಿನ ಪದ್ಧತಿ. ಶಿಷ್ಯ ಮುಚ್ಚಿದ ಗಾಡಿಯನ್ನು ಆಚಾರಿ ಕಣ್ಣಿಂದ ಪರೀಕ್ಷೆ ಮಾಡುತ್ತಿರಲಿಲ್ಲ. ಬೆರಳಿಟ್ಟು ನೋಡುತ್ತಿರಲಿಲ್ಲ. ಭರತದ ಹೊತ್ತಿಗೆ ಅದರೊಳಗೆ ಹತ್ತಿ, ನೆಲದ ಮೇಲೆ ಬರಿಗಾಲು ಚಾಚಿ ಕೂರುತ್ತಿದ್ದರು. ಮುಚ್ಚಿದವನೇ ಕಲ್ಲುದಾರಿಯಲ್ಲಿ ಗಾಡಿ ಬಿಡಬೇಕು. ಆಚೆ ದಡ ಮುಟ್ಟಿದಾಗ ಆಚಾರಿಯ ಕಾಲು ಒಣಗಿದ್ದರೆ ಶಿಷ್ಯ ಮಾಡಿನಲ್ಲಿ ಉಳಿಯುತ್ತಾನೆ. ಒದ್ದೆಯಾದರೆ ಗಂಟು ಕಟ್ಟುತ್ತಾನೆ.

ಹಾಗೆ ಗಂಟು ಕಟ್ಟಿದವನು ಒಬ್ಬ ಅಲ್ಲೇ ಇದ್ದ. ಮಾಬ್ಲ. ದೋಣಿಗಳು ನಿಲ್ಲುವ ಧಕ್ಕೆಯ ಹತ್ತಿರ ಚಹಾದ ಅಂಗಡಿ ಇಟ್ಟಿದ್ದ.

“ಎಂತ ಜಟ್ಟಿ, ಗನ್ನು ಕೈಗೆ ಬಂತಂತೆ?”

“ಬಂತು.”

“ನನಗೂ ಬಂದಿತ್ತು ಮಾರಾಯ.” ಮಾಬ್ಲ ಚಹಾವನ್ನು ಮೇಲಿಂದ ಸುರಿದ. “ಈಗ ನೋಡು, ಸೋಸಣಿಗೆ ಬಂದಿದೆ.”

“ಸಿಟ್ಟು ಮಾಡಿದ್ರಾ?”

“ಸಿಟ್ಟು ಮಾಡಿದ್ರೆ ನಾನೂ ಎರಡು ಮಾತು ಆಡ್ತಿದ್ದೆ. ಸುಮ್ನೆ ಕಾಲು ಎತ್ತಿ ತೋರಿಸಿದ್ರು. ಹೆಬ್ಬೆರಳು ಒದ್ದೆ. ಹೆಬ್ಬೆರಳು ಮಾತ್ರ. ಮಾರನೇ ದಿನ ನಾನಿಲ್ಲಿ ಹಾಲು ಕಾಸ್ತಿದ್ದೆ.”

ಜಟ್ಟಿ ಚಹಾ ಕುಡಿದ. ಬಿಸಿಯೋ ತಣ್ಣಗೋ ತಿಳಿಯಲಿಲ್ಲ.

“ಹೆದರಬೇಡ” ಎಂದ ಮಾಬ್ಲ. “ಲೋಟ ತೊಳೀಲಿಕ್ಕೆ ನನಗೂ ಒಬ್ಬ ಬೇಕು.”

ನಗಿಸಲು ಹೇಳಿದ ಮಾತು. ಜಟ್ಟಿ ನಗಲಿಲ್ಲ. ಮಾಬ್ಲನಿಗೆ ಹಾಲಿತ್ತು, ಅಂಗಡಿಯಿತ್ತು, ಮನೆಯಲ್ಲಿ ಬೈಯಲಿಕ್ಕೆ ಹೆಂಡತಿ ಇದ್ದಳು. ಈ ಮಾಡು ಬಿಟ್ಟರೆ ತನಗೆ ಇದ್ದದ್ದು ಮರಳಿನ ಮೇಲೆ ಕವುಚಿದ ಒಂದು ದೋಣಿ.

ಅವನು ಕೆಲಸಕ್ಕೆ ಕೂತ.

ಕೊಳೆತ ನೆಲ ಕತ್ತರಿಸಿದ. ಹೊಸ ತಗಡು ಕೂಡಿಸಿದ. ಬೆಸುಗೆ ಮಾತ್ರ ಆಚಾರಿ ಹಾಕಿದರು. ಉಳಿದದ್ದೆಲ್ಲ ಅವನದೇ. ತಿಕ್ಕಿದ, ಒರೆಸಿದ, ಪ್ರೈಮರ್ ಹೊಡೆದ. ಒಣಗಿದ ಮೇಲೆ ಸಂದಿ ಸಂದಿಗೆ ಸೀಲರ್ ಎಳೆದ. ಬೆರಳಿಂದ ಒತ್ತಿ ಸವರಿದ. ಅಡಿಗೆ ಮಲಗಿ ಕಪ್ಪು ಬಣ್ಣ ಬಳಿದ. ಬಾಗಿಲು ಚೌಕಟ್ಟಿಗೆ ತಿಕ್ಕುವಲ್ಲೆಲ್ಲ ರಬ್ಬರ್ ಪಟ್ಟಿ ಅಂಟಿಸಿದ.

ಆಚಾರಿ ಹೊಳೆಗೆ ಮುಖ ಮಾಡಿ ಬೀಡಿ ಸೇದುತ್ತ ಕೂತಿದ್ದರು. ಒಮ್ಮೆಯೂ ತಿರುಗಲಿಲ್ಲ.

ಕೊನೆಗೆ ಜಟ್ಟಿ ಬಾಗಿಲುಗಳ ಅಡಿಗೆ ಬೆರಳಾಡಿಸಿದ. ಅಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬೆರಳು ನಿಂತಿತು. ಬಾಗಿಲ ಕೆಳಅಂಚಿನಲ್ಲಿ ಒಂದು ತೂತು. ಅದರಾಚೆ ಇನ್ನೊಂದು.

ಅಂಬಿಗನ ಬೆರಳಿಗೆ ತೂತು ಸಿಕ್ಕರೆ ಅದು ಸುಮ್ಮನಿರುವುದಿಲ್ಲ.

ಇದನ್ನು ನೋಡದೆ ಬಿಟ್ಟಿದ್ದರೆ? ನೀರು ಏರುವುದೇ ಅಲ್ಲಿಗೆ. ಅವನು ಸೀಲರ್ ತುಂಬಿದ. ಒಣಗಲು ಬಿಟ್ಟ. ಮತ್ತೆ ತುಂಬಿದ. ನಾಲ್ಕೂ ಬಾಗಿಲಿಗೆ ಹಾಗೇ ಮಾಡಿದ. ಕೈ ಒರೆಸಿಕೊಂಡು ಹೊರಗೆ ಬಂದ.

“ಮುಗೀತು, ಗುರುಗಳೇ.”

“ಎಲ್ಲ ಮುಚ್ಚಿದೆಯಾ?”

“ಎಲ್ಲ.”

“ಎಲ್ಲ?”

“ಒಂದು ತೂತೂ ಬಿಡ್ಲಿಲ್ಲ.”

ಆಚಾರಿ ಅವನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಗಾಡಿಯ ಕಡೆ ನೋಡಲಿಲ್ಲ.

“ಸರಿ. ಗಾಡಿ ಹೊರಗೆ ದೂಡು. ಹುಣ್ಣಿಮೆವರೆಗೆ ಅಲ್ಲೇ ಇರ್ಲಿ.”

ಅಂದಿನಿಂದಲೇ ಮಳೆ ಹಿಡಿಯಿತು. ಹೊಸ ಬಣ್ಣದ ಮೇಲೆ ನೀರು ಜಾರಿ ಹೋಗುತ್ತಿತ್ತು. ಗಾಜಿನ ಮೇಲಿಂದ ಇಳಿಯುತ್ತಿತ್ತು. ಜಟ್ಟಿ ಮಾಡಿನೊಳಗಿಂದ ನೋಡುತ್ತಿದ್ದ. ಒಳಗೆ ಚಾಪೆ ಒಣಗೇ ಇತ್ತು. ದಿನಕ್ಕೆರಡು ಬಾರಿ ಹೋಗಿ ಮುಟ್ಟಿ ಬರುತ್ತಿದ್ದ.

ಹುಣ್ಣಿಮೆ ಬಂತು. ಹಗಲಿನ ಭರತ. ಹೊಳೆ ಬಣ್ಣ ಬದಲಿಸಿ, ತುಂಬಿ, ಸದ್ದಿಲ್ಲದೆ ಮೇಲೇರಿತು. ಕಲ್ಲುದಾರಿ ಮುಳುಗಿತು. ದಾರಿಯ ಗುರುತಿಗೆ ಎರಡೂ ಬದಿ ನೆಟ್ಟ ಬಿದಿರ ಗಳುಗಳ ತುದಿ ಮಾತ್ರ ಕಾಣುತ್ತಿತ್ತು.

ಆಚೆ ದಡದಲ್ಲಿ ನೀಲಾವತಿ ಕೊಡೆ ಹಿಡಿದು ನಿಂತಿದ್ದಳು.

ಆಚಾರಿ ಪಂಚೆ ಮೇಲೆ ಕಟ್ಟಿದರು. ಚಾಪೆ ಸುರುಳಿ ಸುತ್ತಿ ಪಕ್ಕಕ್ಕಿಟ್ಟರು. ಬರಿ ತಗಡಿನ ಮೇಲೆ ಕಾಲು ಚಾಚಿ ಕೂತರು. ಹಿಂದೆ, ಎಡಮೂಲೆಯಲ್ಲಿ.

ಜಟ್ಟಿ ತಿರುಗಿ ನೋಡಿದ. ಅವನ ಕೈ ಸ್ಟಿಯರಿಂಗಿನಿಂದ ಕೆಳಗೆ ಬಿತ್ತು.

“ಅಲ್ಲಿ ಬೇಡ, ಗುರುಗಳೇ. ಮುಂದೆ ಬನ್ನಿ.”

“ಎಂತಕ್ಕೆ?”

ಜಟ್ಟಿ ಮತ್ತೆ ಸ್ಟಿಯರಿಂಗ್ ಹಿಡಿದ.

“ನಿಮಗೆ ಈಜು ಬರ್ತದಾ?” ಎಂದು ಕೇಳಿದ.

“ಇಲ್ಲ. ನಡಿ.”

ಗಾಡಿ ನೀರಿಗಿಳಿಯಿತು. ಮೊದಲು ಟೈರು ಅರ್ಧ ಮುಳುಗಿತು. ಆಮೇಲೆ ನೀರು ಬಾಗಿಲಿನ ಅಂಚಿಗೆ ಬಂತು. ಹೊಳೆಯ ವಾಸನೆ ಒಳಗೆ ಬಂತು. ಎಷ್ಟೋ ಕಾಲದಿಂದ ಅವನು ದೂರವಿಟ್ಟ ವಾಸನೆ.

ಜಟ್ಟಿ ಗಳುಗಳನ್ನು ನೋಡುತ್ತ ನಿಧಾನ ಬಿಟ್ಟ. ನಡುವೆ ಮಳೆ ಹೊಡೆಯಿತು. ಗಾಜಿನ ಮುಂದೆ ಎಲ್ಲ ಬಿಳಿ. ಗಳು ಕಾಣದಾಯಿತು.

ಆಗ ಗಾಡಿಯ ಹಿಂಭಾಗ ಹಗುರಾಯಿತು.

ಅದು ಅವನ ಮೈಗೆ ಮೊದಲು ಗೊತ್ತಾಯಿತು, ಆಮೇಲೆ ತಲೆಗೆ. ಹಿಂದಿನ ಟೈರು ಕಲ್ಲು ಬಿಟ್ಟಿತ್ತು. ಅವನು ಅಷ್ಟು ಚೆನ್ನಾಗಿ ಮುಚ್ಚಿದ್ದ ಗಾಡಿ ದೋಣಿಯ ಹಾಗೆ ಎದ್ದಿತ್ತು. ಸೆಳೆತ ಅದನ್ನು ಮೆಲ್ಲಗೆ ಬಲಕ್ಕೆ ತಳ್ಳಿತು. ಬಲಕ್ಕೆ ದಾರಿ ಇರಲಿಲ್ಲ. ಆಳ ಇತ್ತು.

ಅದೇ ಹೊತ್ತಿಗೆ ಸದ್ದು ಕೇಳಿಸಿತು.

ಗುಳುಕ್.

ಗಾಡಿಯ ಒಳಗೆ. ಹೊರಗಲ್ಲ, ಒಳಗೆ. ಅವನ ಮೊಣಕಾಲಿನ ಪಕ್ಕದಲ್ಲೇ. ನೀರು ಹೊಯ್ದಾಡುವ ಸದ್ದು.

ಆ ಸದ್ದನ್ನು ಅವನು ಹಿಂದೊಮ್ಮೆ ಕೇಳಿದ್ದ. ಅಂದು ಹಿಂದಿನಿಂದ ತುಳಸು ಕರೆದಿದ್ದಳು, ‘ಇವ್ರೇ, ಕಾಲಿಗೆ ನೀರು ಬಂತು’ ಎಂದು. ಅವನು ತಿರುಗಿ ನೋಡದೆ, ‘ನೀರು ಗೋರಿ ಹೊರಗೆ ಚೆಲ್ಲು, ಬಂದೇ ಬಿಟ್ಟೆವು’ ಎಂದಿದ್ದ.

“ಗುರುಗಳೇ, ಕಾಲು?”

ಮಳೆ ತಗಡಿನ ಮೇಲೆ ಬಡಿಯುತ್ತಿತ್ತು.

“ಗುರುಗಳೇ, ಕಾಲಿಗೆ ನೀರು ಬಂತಾ?”

“ಮುಂದೆ ನೋಡು.”

“ಬಂತಾ ಹೇಳಿ.”

“ಮುಂದೆ ನೋಡು, ಜಟ್ಟಿ.”

ಗುಳುಕ್, ಗುಳುಕ್. ಬಾಗಿಲು ತೆಗೆದು ಹಾರಬೇಕೆನಿಸಿತು. ಹಾರಿದರೆ ದಡ ಸೇರುತ್ತಾನೆ, ಅದು ಗೊತ್ತಿತ್ತು. ಹಿಂದೆ ಕೂತವರು ಸೇರುವುದಿಲ್ಲ, ಅದೂ ಗೊತ್ತಿತ್ತು.

ಅವನು ಹಾರಲಿಲ್ಲ. ಸ್ಟಿಯರಿಂಗನ್ನು ಹುಟ್ಟು ಹಿಡಿದಂತೆ ಹಿಡಿದ. ಸೆಳೆತದ ವಿರುದ್ಧ ತಿರುಗಿಸಲಿಲ್ಲ. ಮುಂದಿನ ಟೈರು ಕಲ್ಲು ಕಚ್ಚಿಯೇ ಇತ್ತು. ಅದನ್ನು ಅಲುಗಿಸದೆ, ಅದರ ಮೇಲೆ ಗಾಡಿಯನ್ನು ನಿಲ್ಲಿಸಿ ಕಾದ. ಒಂದು ತೆರೆ ಹೋಯಿತು. ಹಿಂಭಾಗ ಕೂತಿತು. ಟೈರಿಗೆ ಕಲ್ಲು ಸಿಕ್ಕಿತು.

ಮುಂದೆ ಬಿಟ್ಟ. ದಾರಿ ಏರಿದಂತೆ ಗಾಡಿಯ ಸುತ್ತ ನೀರು ಕಡಿಮೆಯಾಯಿತು. ಗಾಡಿ ಕುದ್ರುವಿನ ಇಳಿಜಾರು ಹತ್ತಿ ನಿಂತಿತು. ಮಳೆಯೂ ನಿಂತಿತು.

ಜಟ್ಟಿ ಕೂತಲ್ಲಿಂದ ಏಳಲಿಲ್ಲ. ತಿರುಗಿ ನೋಡಲಿಲ್ಲ.

ನೀಲಾವತಿಯೇ ಓಡಿ ಬಂದು ಹಿಂದಿನ ಬಾಗಿಲು ಎಳೆದಳು. ಒಳಗೆ ಕೈಯಿಟ್ಟು ತಗಡು ಸವರಿದಳು. ಆಚಾರಿಯ ಪಾದ ಮುಟ್ಟಿದಳು.

“ಒಣಗಿದೆ” ಎಂದಳು. “ಪಾದದ ಧೂಳು ಕೂಡ ಹೋಗಿಲ್ಲ. ಆಚಾರ್ರೇ, ನೀನು ಸ್ನಾನ ಮಾಡಿ ಎಷ್ಟು ದಿನ ಆಯ್ತು?”

ಜಟ್ಟಿ ಉಸಿರು ಬಿಟ್ಟ.

“ಗೆದ್ದೆ ಬಿಡು, ತಮಾ” ಎಂದಳು ನೀಲಾವತಿ. “ತಾ, ಕೀಲಿ ಕೊಡು.”

“ಕೊಡಬೇಡ” ಎಂದರು ಆಚಾರಿ.

ಅವರು ಕೆಳಗಿಳಿದಿದ್ದರು. ಜಟ್ಟಿ ಕೂತಿದ್ದ ಕಡೆ ಬಂದು ಅವನ ಬಾಗಿಲು ತೆರೆದರು.

“ಇಳಿ. ಇದನ್ನ ಅಲ್ಲಾಡಿಸು.”

ಜಟ್ಟಿ ಇಳಿದ. ಬಾಗಿಲು ಹಿಡಿದು ಅಲ್ಲಾಡಿಸಿದ.

ಗುಳುಕ್.

ಅವನ ಕೈ ಅಲ್ಲೇ ನಿಂತಿತು. ಮತ್ತೆ ಅಲ್ಲಾಡಿಸಿದ. ಬಾಗಿಲಿನ ಹೊಟ್ಟೆಯೊಳಗೆ ನೀರು ಈ ಬದಿಯಿಂದ ಆ ಬದಿಗೆ ಹೋಗಿ ಬಂತು.

“ಎಂತದು?” ಎಂದರು ಆಚಾರಿ.

“ನೀರು.”

“ಹೊಳೆದಾ?”

“ಅಲ್ಲ. ಹೊಳೆ ನೀರು ಬರ್ಲಿಕ್ಕೆ ದಾರಿ ಇಲ್ಲ. ನಾನು ಮುಚ್ಚಿದ್ದೇನೆ.”

“ಮತ್ತೆ?”

ಜಟ್ಟಿ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಗಾಜು ಇಳಿಯುವ ಸಂದಿಯ ಹತ್ತಿರ ಕಣ್ಣು ನಿಂತಿತು. ಗಾಜಿನ ಮೇಲಿಂದ ಒಂದು ಹನಿ ಜಾರಿ ಆ ಸಂದಿಯೊಳಗೆ ಹೋಯಿತು. ಅದರ ಹಿಂದೆ ಇನ್ನೊಂದು.

“ಮಳೆದು” ಎಂದ. “ಹುಣ್ಣಿಮೆವರೆಗೆ ಹೊರಗೆ ನಿಂತಿತ್ತಲ್ಲ.”

“ಆ ಸಂದಿ ಮುಚ್ಚು ಹಾಗಾದ್ರೆ.”

“ಮುಚ್ಚಿದ್ರೆ ಗಾಜು ಇಳಿಯೋದಿಲ್ಲ.”

“ಹೌದಾ.”

“ಕೆಳಗೆ ತೂತಿತ್ತು” ಎಂದ ಜಟ್ಟಿ. ಮಾತು ನಿಧಾನವಾಗಿ ಬಂತು. “ನಾನು ಅದಕ್ಕೆ ಸೀಲರ್ ತುಂಬಿದೆ. ಎರಡು ಸಲ.”

“ಎಂತಕ್ಕೆ?”

“ದೋಣಿಗೆ ತೂತು ಬಿಡೋದಿಲ್ಲ.”

“ಇದು ದೋಣಿ ಅಲ್ಲ. ದೋಣಿಗೆ ನೀರು ಕೆಳಗಿಂದ ಬರ್ತದೆ. ಬಾಗಿಲಿಗೆ ಮೇಲಿಂದ ಬರ್ತದೆ. ಭರತದ ನೀರು ತೂತಿಂದ ಹೊಕ್ರೂ ಬಾಗಿಲಿನ ಹೊಟ್ಟೆಯೊಳಗೇ ನಿಂತು, ಅಲ್ಲಿಂದಲೇ ಇಳಿದು ಹೋಗ್ತದೆ.” ಆಚಾರಿ ಹೊಸ ಬಣ್ಣದ ಮೇಲೆ ಅಂಗೈ ಇಟ್ಟರು. “ಇದನ್ನ ಹೀಗೇ ಬಿಟ್ರೆ ಹೊರಗೆ ಹೊಳೀತಾ ಇರ್ತದೆ. ಊರವರು ಚಂದ ಉಂಟು ಅಂತಾರೆ. ಒಳಗಿಂದ ತಿಂತದೆ. ಒಂದು ದಿನ ಹಿಡಿಕೆ ಎಳೆದ್ರೆ ಬಾಗಿಲೇ ಕೈಗೆ ಬರ್ತದೆ.”

ನೀಲಾವತಿ ಕೊಡೆ ಮಡಚಿದಳು.

“ನಾನು ಹೋಗ್ಬೇಕಾ?” ಎಂದು ಕೇಳಿದ ಜಟ್ಟಿ.

“ನನ್ನ ಕಾಲು ಒಣಗೇ ಉಂಟು.”

“ಮತ್ತೆ ಇರ್ಲಾ?”

“ನಿನಗೆ ಎರಡು ಮಾತು ಹೇಳಿದ್ದೆ. ನೀನು ಒಂದನ್ನೇ ಕೇಳಿದೆ.”

ಜಟ್ಟಿಯ ಮುಖ ಕೆಂಪಾಯಿತು. ಆ ಮಾಡಿಗೆ ಬಂದ ಮೇಲೆ ಅವನು ದನಿ ಎತ್ತಿದ್ದಿಲ್ಲ. ಈಗ ಎತ್ತಿದ.

“ಎರಡನೇದು ಎಂತಕ್ಕೆ? ನೀರು ಎಲ್ಲಿಗಾದ್ರೂ ಹೋಗ್ಲಿ. ಅದು ಒಳಗೆ ಬರಬಾರದು. ಅಷ್ಟೇ. ಅದು ಒಳಗೆ ಬರ್ಲೇಬಾರದಿತ್ತು, ಗುರುಗಳೇ.”

ಹೊಳೆ ತುಂಬಿ ನಿಂತಿತ್ತು. ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.

ಆಚಾರಿ ಅವನ ಹತ್ತಿರ ಬಂದರು.

“ಬಂದಾಯ್ತಲ್ಲ, ಜಟ್ಟಿ” ಎಂದರು.

ಜಟ್ಟಿ ಬಾಗಿಲನ್ನು ಹಿಡಿದು ನಿಂತ. ಅವನು ಅಲ್ಲಾಡಿಸುತ್ತಿರಲಿಲ್ಲ. ಆದರೂ ಒಳಗೆ ನೀರು ಸದ್ದು ಮಾಡುತ್ತಿತ್ತು. ಕೈಯೇ ನಡುಗುತ್ತಿತ್ತು.

ಆಚಾರಿ ಸೊಂಟದಿಂದ ದಬ್ಬಳ ತೆಗೆದರು. ಗೋಣಿ ಹೊಲಿಯುವ ಹಳೆಯ ದಬ್ಬಳ, ಮೊಂಡಾದದ್ದು. ಅದನ್ನು ಬೆಳಿಗ್ಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದರು. ಜಟ್ಟಿಯ ಕೈಗೆ ಕೊಟ್ಟು ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತರು. ಹೊಳೆಗೆ ಮುಖ ಮಾಡಿ ಬೀಡಿ ಹಚ್ಚಿದರು.

ನೀಲಾವತಿ “ನಾನು ಗಂಜಿ ತರ್ತೇನೆ” ಎಂದು ಮನೆಯ ಕಡೆ ನಡೆದಳು.

ಜಟ್ಟಿ ಒದ್ದೆ ನೆಲದ ಮೇಲೆ ಅಂಗಾತ ಮಲಗಿದ. ತಲೆಯನ್ನು ಬಾಗಿಲಿನ ಕೆಳಗೆ ತಂದ. ತಾನೇ ತುಂಬಿದ ಸೀಲರ್ ಕಾಣಿಸಿತು. ನಯವಾಗಿ, ಗಟ್ಟಿಯಾಗಿ, ಒಂದು ಕೂದಲೂ ಹೋಗದ ಹಾಗೆ. ಅಂಥ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ. ದೋಣಿಗೂ ಮಾಡಿರಲಿಲ್ಲ.

ದಬ್ಬಳ ಒತ್ತಿದ. ಹೋಗಲಿಲ್ಲ. ಅಂಗೈ ಇಟ್ಟು ಒತ್ತಿದ. ಸೀಲರ್ ಹರಿಯಿತು.

ನೀರು ಅವನ ಮುಖದ ಮೇಲೆ ಬಿತ್ತು.

ತಣ್ಣಗಿನ ನೀರು. ಸ್ವಲ್ಪ ಕೆಂಪಾಗಿತ್ತು. ಆಗಲೇ ತುಕ್ಕಿನ ರುಚಿ ಹತ್ತಿತ್ತು. ಅವನು ಮುಖ ತಿರುಗಿಸಲಿಲ್ಲ. ಅದು ಹಣೆಯ ಮೇಲೆ, ಕಣ್ಣಿನ ಮೇಲೆ, ಕಿವಿಯೊಳಗೆ ಇಳಿಯಿತು. ಮೊದಲು ಧಾರೆ, ಆಮೇಲೆ ಎಳೆ, ಆಮೇಲೆ ಹನಿ.

ಆಮೇಲೆ ಹನಿಯೂ ನಿಂತಿತು.

ಅವನ ಮುಖ ಒದ್ದೆಯಾಗುತ್ತಲೇ ಇತ್ತು.

“ಗುರುಗಳೇ” ಎಂದ. ಮಲಗಿದಲ್ಲಿಂದಲೇ ಹೇಳಿದ. “ಅವಳೂ ಅಲ್ಲೇ ಕೂತಿದ್ಳು. ನೀವು ಕೂತ ಹಾಗೇ. ಎಡಮೂಲೆಯಲ್ಲಿ. ಕಾಲಿಗೆ ನೀರು ಬಂತು ಅಂದ್ಳು. ನಾನು ತಿರುಗಿ ನೋಡ್ಲಿಲ್ಲ.”

ಆಚಾರಿ ಕೇಳುತ್ತ ಕೂತಿದ್ದರು. ಬೀಡಿ ತಾನಾಗಿ ಆರಿತ್ತು.

ಜಟ್ಟಿ ಹೇಳಿದ. ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಹೋದ. ಅಂದು ಅವಳು ಕೆಂಪು ಸೆರಗಿನ ಸೀರೆ ಉಟ್ಟದ್ದು ಹೇಳಿದ. ಅವಳು ನೀರಿಗೆ ಹೆದರುತ್ತಿದ್ದದ್ದು, ಅಂಬಿಗರ ಮನೆಗೆ ಬಂದ ಮೇಲೂ ಹೆದರುತ್ತಿದ್ದದ್ದು, ಅದಕ್ಕೆ ಅವನು ನಗುತ್ತಿದ್ದದ್ದು. ಸಂದಿಗೆ ಹತ್ತಿ ತುಂಬುವಾಗ ಪಕ್ಕದಲ್ಲಿ ಕೂತು ಹತ್ತಿ ಹಿಂಜಿ ಕೊಟ್ಟವಳು ಅವಳೇ ಎಂಬುದು. ಅಷ್ಟು ಮಾತು ಅವನೊಳಗೆ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ.

ಹೇಳುತ್ತ ಹೇಳುತ್ತ ಹೊಳೆ ತಿರುಗಿತು. ಭರತದ ನೀರು ಸದ್ದು ಮಾಡುತ್ತ ಸಮುದ್ರದ ಕಡೆ ಹೊರಟಿತು. ಕಲ್ಲುದಾರಿಯ ಮೊದಲ ಕಲ್ಲು ಕಾಣಿಸಿತು.

ಕೊನೆಗೆ ಜಟ್ಟಿ ಎದ್ದು ಕೂತ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬಾಗಿಲು ಅಲ್ಲಾಡಿಸಿ ನೋಡಿದ. ಸದ್ದಿಲ್ಲ.

ಬಾಗಿಲು ಹಾಕಿದ. ಅದು ರಬ್ಬರಿನ ಮೇಲೆ ಮೆತ್ತಗೆ ಕೂತಿತು.

ಆಮೇಲೆ ಅವನು ಇಳಿಜಾರು ಇಳಿದು ಹೊಳೆಯ ಅಂಚಿಗೆ ಹೋದ. ಕುಕ್ಕುರುಗಾಲಲ್ಲಿ ಕೂತ. ಕೈ ನೀರಿಗೆ ಹಾಕಿದ. ಉಗುರಿನ ಸಂದಿಯ ಕೆಂಪನ್ನು ಉಜ್ಜಿ ತೊಳೆದ.

ಒದ್ದೆ ಕೈಯಲ್ಲೇ ಬಂದು ಆಚಾರಿಯ ಮುಂದೆ ನಿಂತ. ದಬ್ಬಳವನ್ನು ಅವರ ಕಡೆ ಚಾಚಿದ.

“ಆಯ್ತು, ಗುರುಗಳೇ.”

ಆಚಾರಿ ದಬ್ಬಳವನ್ನು ತೆಗೆದುಕೊಳ್ಳಲಿಲ್ಲ.

“ಅವಸರ ಇಲ್ಲ” ಎಂದರು. “ಇನ್ನೂ ಮೂರು ಬಾಗಿಲಿದೆ.”